ಒಂದೇ ಕಾಯ್ದೆ, ಎರಡು ಏಣಿ

2002ರ ಜನವರಿ 8ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯೊಳಗೆ ಎರಡು ಏಣಿಗಳಿದ್ದವು. ಒಂದು ಶಾಲೆಗಳು ಹತ್ತಬೇಕಾದದ್ದು: 2014ರ ಹೊತ್ತಿಗೆ ಓದು ಮತ್ತು ಗಣಿತದಲ್ಲಿ ನೂರಕ್ಕೆ ನೂರು ಮಕ್ಕಳೂ ‘ಪ್ರವೀಣ’ ಮಟ್ಟ ಮುಟ್ಟಬೇಕು. ಇನ್ನೊಂದು ಸಂಸತ್ತಿನ ಏಣಿ. ಬಡಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಹೋಗುವ ‘ಟೈಟಲ್ 1’ ಅನುದಾನಕ್ಕೆ ಕಾಯ್ದೆಯಲ್ಲೇ ವರ್ಷವಾರು ಮೊತ್ತ ಬರೆದಿತ್ತು. 2002ಕ್ಕೆ 1,350 ಕೋಟಿ ಡಾಲರ್, 2003ಕ್ಕೆ 1,600 ಕೋಟಿ, ಹೀಗೆ ಏರುತ್ತಾ 2007ಕ್ಕೆ 2,500 ಕೋಟಿ. ಮೊದಲ ಏಣಿಯಲ್ಲಿ ಮೆಟ್ಟಿಲು ತಪ್ಪಿದ ಶಾಲೆಗೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುವ ಶಿಕ್ಷೆಯಿತ್ತು. ಎರಡನೆಯದರಲ್ಲಿ 2007ರಲ್ಲಿ ನಿಜವಾಗಿ ಮಂಜೂರಾದದ್ದು ಸುಮಾರು 1,280 ಕೋಟಿ. ಆರನೇ ವರ್ಷದಲ್ಲೂ ಮೊದಲ ಮೆಟ್ಟಿಲಿಗೆ ಕಾಲು ತಾಗಿರಲಿಲ್ಲ. ಅದಕ್ಕೆ ಯಾರ ಹೆಸರೂ ವಿಫಲರ ಪಟ್ಟಿಗೆ ಬೀಳಲಿಲ್ಲ.

ಎಲ್ಲ ಶಾಲೆಗಳ ಮಕ್ಕಳನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವ ಪ್ರಮಾಣಿತ ಪರೀಕ್ಷೆ ಬೇಕೋ ಬೇಡವೋ ಎಂಬ ವಾದದಲ್ಲಿ ಈ ಎರಡನೆಯ ಏಣಿಯ ಮಾತು ಬರುವುದೇ ಅಪರೂಪ. ಅಳೆಯದೆ ಗೊತ್ತಾಗುವುದು ಹೇಗೆ ಎಂದು ಒಬ್ಬರು ಕೇಳುತ್ತಾರೆ. ಮಗುವನ್ನು ಅಂಕಕ್ಕೆ ಇಳಿಸಬೇಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ನನ್ನ ತಕರಾರು ಬೇರೆ ಜಾಗದಲ್ಲಿದೆ. ಶಾಲೆಗೆ ಎಷ್ಟು ಹಣ, ಎಷ್ಟು ಹುದ್ದೆ, ತರಗತಿಗೆ ಎಷ್ಟು ಮಕ್ಕಳು ಎಂದು ತೀರ್ಮಾನಿಸುವವರು ಅಂಕಪಟ್ಟಿಯ ಹೊರಗೆ ನಿಂತು, ಒಳಗಿರುವವರಿಂದ ಮಾತ್ರ ಲೆಕ್ಕ ಕೇಳಿದರು. ಒಳ್ಳೆಯ ಪರೀಕ್ಷೆಯೂ ಹಾಳಾಗಲು ಶುರುವಾದದ್ದು ಅಲ್ಲಿಂದ.

ಕಾಯ್ದೆಯ ಹಿಂದಿನ ಕಳಕಳಿ ಸುಳ್ಳಾಗಿರಲಿಲ್ಲ. 1965ರಲ್ಲಿ ಲಿಂಡನ್ ಜಾನ್ಸನ್ ಸರ್ಕಾರ ಬಡಮಕ್ಕಳ ಶಾಲೆಗಳಿಗೆ ಮೊದಲ ಬಾರಿ ದೊಡ್ಡ ಪ್ರಮಾಣದಲ್ಲಿ ಕೇಂದ್ರದ ಹಣ ಕೊಡಲು ಹೊರಟಾಗಲೇ, ಆ ಹಣದಿಂದ ಮಕ್ಕಳಿಗೆ ಏನಾಯಿತು ಎಂದು ತಂದೆತಾಯಿಗೆ ತಿಳಿಯುವುದು ಹೇಗೆ ಎಂದು ಸೆನೆಟರ್ ರಾಬರ್ಟ್ ಕೆನಡಿ ಪಟ್ಟು ಹಿಡಿದಿದ್ದರು. 2001ರಲ್ಲಿ ಅವರ ತಮ್ಮ ಎಡ್ವರ್ಡ್ ಕೆನಡಿ ಅದೇ ಪ್ರಶ್ನೆಯನ್ನಿಟ್ಟುಕೊಂಡು ಎದುರು ಪಕ್ಷದ ಅಧ್ಯಕ್ಷರ ಜೊತೆ ಕೂತರು. ಸೆನೆಟ್‌ನಲ್ಲಿ 87–10, ಕೆಳಮನೆಯಲ್ಲಿ 381–41 ಮತಗಳಿಂದ ಮಸೂದೆ ಪಾಸಾಯಿತು. ಅಲ್ಲಿಯವರೆಗೆ ಒಂದು ಶಾಲೆಯ ಸರಾಸರಿ ಚೆನ್ನಾಗಿದ್ದರೆ ಸಾಕಿತ್ತು. ಅದೇ ಶಾಲೆಯ ಕಪ್ಪು ಮಕ್ಕಳು, ವಿಶೇಷಚೇತನ ಮಕ್ಕಳು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ವಲಸಿಗರ ಮಕ್ಕಳು ಎಲ್ಲಿದ್ದಾರೆಂದು ಆ ಸರಾಸರಿ ಹೇಳುತ್ತಿರಲಿಲ್ಲ. ಗುಂಪುವಾರು ಅಂಕ ಪ್ರಕಟಿಸಲೇಬೇಕೆಂದದ್ದು ಕಾಯ್ದೆಯ ದೊಡ್ಡ ಉಪಕಾರ. 2015ರಲ್ಲಿ ವಾರ್ಷಿಕ ಪರೀಕ್ಷೆ ತೆಗೆದುಹಾಕುವ ಮಾತು ಬಂದಾಗ ನಾಗರಿಕ ಹಕ್ಕುಗಳ ಹಲವು ಸಂಘಟನೆಗಳೇ ಬೇಡವೆಂದದ್ದು ಇದೇ ಕಾರಣಕ್ಕೆ.

ಇನ್ನು ಯಂತ್ರ ಓಡುತ್ತಿದ್ದ ಬಗೆ. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಮ್ಮೆ, ಓದು ಮತ್ತು ಗಣಿತದ ಪರೀಕ್ಷೆ. ವಿಜ್ಞಾನ ಮೂರು ಹಂತದಲ್ಲಿ ಒಂದೊಂದು ಸಲ. ಒಂದು ಮಗುವಿಗೆ ಒಟ್ಟು 17. ಫಲಿತಾಂಶವನ್ನು ಇಡೀ ಶಾಲೆಗೆ ಒಂದು ಸಲ, ಆಮೇಲೆ ಜನಾಂಗ, ಬಡತನ, ಅಂಗವೈಕಲ್ಯ, ಭಾಷೆಯ ಪ್ರಕಾರ ಗುಂಪು ಗುಂಪಾಗಿ ನೋಡಬೇಕು. ಪ್ರತಿ ಗುಂಪೂ ಎರಡೂ ವಿಷಯದಲ್ಲಿ ಆ ವರ್ಷದ ಗುರಿ ಮುಟ್ಟಬೇಕು, ಪ್ರತಿ ಗುಂಪಿನಲ್ಲೂ ಶೇ. 95 ಮಕ್ಕಳು ಪರೀಕ್ಷೆಗೆ ಕೂತಿರಬೇಕು. ಒಂದು ಗುಂಪು ಒಂದು ವಿಷಯದಲ್ಲಿ ತಪ್ಪಿದರೂ ಇಡೀ ಶಾಲೆ ತಪ್ಪಿದಂತೆ. ಒಂದು ಸಣ್ಣ ಕಿಂಡಿ ಮಾತ್ರ ಬಿಟ್ಟಿದ್ದರು. ‘ಪ್ರವೀಣ’ ಗೆರೆ ಮುಟ್ಟದವರ ಪ್ರಮಾಣ ಹಿಂದಿನ ವರ್ಷಕ್ಕಿಂತ ಹತ್ತನೇ ಒಂದು ಭಾಗ ಇಳಿದಿದ್ದರೆ, ಅಂದರೆ ಶೇ. 60 ಇದ್ದದ್ದು 54ಕ್ಕೆ ಬಂದಿದ್ದರೆ, ಆ ಗುಂಪು ಪಾರು.

ಸತತ ಎರಡು ವರ್ಷ ತಪ್ಪಿದರೆ ಮಕ್ಕಳು ಬೇರೆ ಶಾಲೆಗೆ ಹೋಗಬಹುದು. ಮೂರನೇ ವರ್ಷ ಟ್ಯೂಷನ್ ಕೊಡಿಸಬೇಕು. ಈ ಎರಡಕ್ಕೂ ಶಾಲಾ ಜಿಲ್ಲೆ, ಅಂದರೆ ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ, ತನ್ನ ಟೈಟಲ್ 1 ಹಣದಲ್ಲಿ ಶೇ. 20ರವರೆಗೆ ಎತ್ತಿಡಬೇಕಿತ್ತು. ತೊಂದರೆಯಲ್ಲಿರುವ ಶಾಲೆಗೆ ಬರಬೇಕಾದ ದುಡ್ಡಿಗೇ ಕತ್ತರಿ ಬಿತ್ತು. ನಾಲ್ಕನೇ ವರ್ಷ ‘ತಿದ್ದುಪಡಿ ಕ್ರಮ’. ಐದನೇ ವರ್ಷ ಮರುರಚನೆಯ ಯೋಜನೆ: ಸಿಬ್ಬಂದಿಯನ್ನು ಬದಲಿಸುವುದು, ಚಾರ್ಟರ್ ಶಾಲೆ (ಸರ್ಕಾರದ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆ) ಮಾಡುವುದು, ಖಾಸಗಿಯವರಿಗೋ ರಾಜ್ಯಕ್ಕೋ ಒಪ್ಪಿಸುವುದು.

ಈ ನಿಯಮವನ್ನು ಒಂದು ಹಾಳೆ, ಒಂದು ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡು ನೋಡಿ. ಒಂದು ಶಾಲೆಯಲ್ಲಿ ಎಂಟು ಗುಂಪುಗಳಿವೆ, ಎರಡು ವಿಷಯ, ಒಟ್ಟು 16 ಗೆರೆ. ಶಾಲೆ ಎಷ್ಟು ಚೆನ್ನಾಗಿದೆಯೆಂದರೆ ಪ್ರತಿ ಗೆರೆ ದಾಟುವ ಸಂಭವ ಶೇ. 95. ಹದಿನಾರನ್ನೂ ದಾಟುವ ಸಂಭವ 0.95ನ್ನು 16 ಸಲ ಗುಣಿಸಿದಷ್ಟು: ಶೇ. 44. ಎಲ್ಲ ಮಕ್ಕಳೂ ಒಂದೇ ತರಹದವರಾಗಿ ಎರಡೇ ಗೆರೆ ಇರುವ ಶಾಲೆಗೆ ಇದೇ ಲೆಕ್ಕದಲ್ಲಿ ಶೇ. 90. ಒಂದು ಗುಂಪು ಚೆನ್ನಾಗಿ ಮಾಡಿದ ವರ್ಷ ಇನ್ನೊಂದೂ ಚೆನ್ನಾಗಿ ಮಾಡುವುದುಂಟು, ಹಾಗಾಗಿ ನಿಜದಲ್ಲಿ ಅಂತರ ಇಷ್ಟು ಕಟುವಾಗಿರುವುದಿಲ್ಲ. ಆದರೆ ದಿಕ್ಕು ಇದೇ. ನಾನಾ ಬಗೆಯ ಮಕ್ಕಳನ್ನು ಒಳಗೆ ಬಿಟ್ಟುಕೊಂಡ ಶಾಲೆಗೇ ‘ವಿಫಲ’ ಎಂಬ ಹಣೆಪಟ್ಟಿ ಬೀಳುವ ಸಾಧ್ಯತೆ ಹೆಚ್ಚು.

ಇನ್ನೊಂದು ಲೆಕ್ಕ. ಗುಂಪಿನಲ್ಲಿ 40 ಮಕ್ಕಳಿದ್ದಾರೆ, ಅವರಲ್ಲಿ ಶೇ. 60 ಪ್ರವೀಣರು. ಈ ವರ್ಷದ 40 ಮಕ್ಕಳು ಬೇರೆ, ಮುಂದಿನ ವರ್ಷದ 40 ಬೇರೆ. ಪಾಠ ಒಂದಿಷ್ಟೂ ಬದಲಾಗದಿದ್ದರೂ ಆ ಶೇ. 60 ಎಂಬ ಅಂಕಿ ತಾನಾಗಿ ಎಂಟರಷ್ಟು ಮೇಲೆ ಕೆಳಗೆ ತೂಗಾಡುತ್ತದೆ. ಎರಡು ವರ್ಷಗಳ ನಡುವಿನ ವ್ಯತ್ಯಾಸ ತೆಗೆದರೆ ತೂಗಾಟ ಹನ್ನೊಂದಕ್ಕೆ ಏರುತ್ತದೆ. ಇಂಥ ಅಂಕಿ ಐದು ಇಳಿದರೆ ಮುಖ್ಯೋಪಾಧ್ಯಾಯರನ್ನು ಕರೆದು ಕಾರಣ ಕೇಳುವುದು, ಏಳು ಏರಿದರೆ ಸಭೆ ಕರೆದು ಶಾಲು ಹೊದಿಸುವುದು, ಎರಡೂ ಒಂದೇ ತಪ್ಪು. ಮೂರು ವರ್ಷದ ಅಂಕಿಗಳನ್ನು ಒಟ್ಟುಮಾಡಿ ನೋಡಿದರೆ ಈ ತೂಗಾಟ ಬಹಳ ಇಳಿಯುತ್ತದೆ. ರಾಜಕಾರಣಿಗೆ ಮೂರು ವರ್ಷ ಕಾಯುವ ವ್ಯವಧಾನ ಇರುವುದಿಲ್ಲ, ಅಷ್ಟರಲ್ಲಿ ಚುನಾವಣೆ ಬಂದಿರುತ್ತದೆ.

ಸಣ್ಣ ಗುಂಪುಗಳ ಈ ತೂಗಾಟ ತಪ್ಪಿಸಲು, ಇಂತಿಷ್ಟು ಮಕ್ಕಳಿಗಿಂತ ಕಡಿಮೆಯಿದ್ದರೆ ಆ ಗುಂಪನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂಬ ವಿನಾಯಿತಿ ಇತ್ತು. ಆ ‘ಇಂತಿಷ್ಟು’ ಎಷ್ಟೆಂದು ಆಯಾ ರಾಜ್ಯಗಳೇ ನಿರ್ಧರಿಸಬಹುದಿತ್ತು. ಸಂಖ್ಯೆ ದೊಡ್ಡದು ಇಟ್ಟಷ್ಟೂ ಹೆಚ್ಚು ಗುಂಪುಗಳು ಕಣ್ಮರೆ. 2006ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಲೆಕ್ಕ ಹಾಕಿದಾಗ ಸುಮಾರು 19 ಲಕ್ಷ ಮಕ್ಕಳ ಅಂಕ ಹೀಗೆ ತಮ್ಮ ಗುಂಪಿನ ಲೆಕ್ಕದಿಂದ ಬಿಟ್ಟುಹೋಗಿತ್ತು, ಅವರಲ್ಲಿ ಹೆಚ್ಚಿನವರು ಅಲ್ಪಸಂಖ್ಯಾತ ಜನಾಂಗಗಳ ಮಕ್ಕಳು. ಯಾರನ್ನು ಕಾಣಿಸಲೆಂದು ಕಾಯ್ದೆ ಬಂತೋ ಅವರೇ ಮರೆಯಾದರು.

‘ಪ್ರವೀಣ’ ಎಂಬ ಗೆರೆಯನ್ನೂ ರಾಜ್ಯಗಳೇ ಎಳೆದುಕೊಂಡವು. ಗೆರೆ ಕೆಳಗಿಳಿಸಿದರೆ ಒಬ್ಬ ಮಗುವಿಗೂ ಒಂದಕ್ಷರ ಹೆಚ್ಚು ಕಲಿಸದೆ ಫಲಿತಾಂಶ ಏರುತ್ತದೆ. 2005ರಲ್ಲಿ ಮಿಸಿಸಿಪಿಯ ಸ್ವಂತ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಶೇ. 89 ಮಕ್ಕಳು ಓದಿನಲ್ಲಿ ಪ್ರವೀಣರು, ಅದೇ ವರ್ಷ ನೇಪ್ ಎಂಬ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 18. ನೇಪ್‌ನ ‘ಪ್ರವೀಣ’ ಗೆರೆ ತರಗತಿಮಟ್ಟಕ್ಕಿಂತ ಎತ್ತರದ್ದು, ಹಾಗಾಗಿ ಎರಡೂ ಒಂದೇ ಆಗಬೇಕೆಂದು ಯಾರೂ ಹೇಳುವುದಿಲ್ಲ. ಆದರೆ 71ರ ಅಂತರಕ್ಕೆ ಆ ಕಾರಣವೊಂದೇ ಸಾಲದು. ಮಕ್ಕಳಿಗೆ ಓದು ಬರುತ್ತದೆ ಎಂದು ತಂದೆತಾಯಿಗೆ ಹೇಳಿ ಕಳಿಸಿದ್ದು ಆ ಶೇ. 89ನ್ನೇ.

ತರಗತಿಯೊಳಗೆ ಆದದ್ದು ಇದಕ್ಕಿಂತ ನೋವಿನದು. ಗೆರೆ 300 ಅಂತಿಟ್ಟುಕೊಳ್ಳಿ. ಒಂದು ಮಗು 296ರಲ್ಲಿದೆ, ಇನ್ನೊಂದು 215ರಲ್ಲಿ. ಮೇಷ್ಟ್ರ ಕೈಯಲ್ಲಿರುವುದು ದಿನಕ್ಕೆ ನಲವತ್ತು ನಿಮಿಷದ ಹೆಚ್ಚುವರಿ ಪಾಠದ ಸಮಯ. 215ರ ಮಗುವಿನ ಪಕ್ಕ ಕೂತು, ಅಕ್ಷರ ಕೂಡಿಸಿ ಓದುವುದರಿಂದ ಶುರುಮಾಡಿ, ವರ್ಷ ಪೂರ್ತಿ ದುಡಿದು ಅದನ್ನು 265ಕ್ಕೆ ತಂದರೆ ಶಾಲೆಯ ಲೆಕ್ಕದಲ್ಲಿ ಸಿಗುವುದು ಸೊನ್ನೆ. 296ರ ಮಗುವಿಗೆ ಮೂರು ವಾರ ಮಾದರಿ ಪ್ರಶ್ನೆ ಬಿಡಿಸಿ 301ಕ್ಕೆ ದಾಟಿಸಿದರೆ ಪೂರ್ತಿ ಒಂದು. ಯಾರನ್ನು ಕೂರಿಸಿಕೊಳ್ಳಬೇಕು ಎಂಬುದನ್ನು ನಿಯಮವೇ ಹೇಳಿಕೊಟ್ಟಂತಾಯಿತು. ಗೆರೆಯ ಅಂಚಿನ ಇಂಥ ಮಕ್ಕಳಿಗೆ ಅಲ್ಲಿ ‘ಬಬಲ್ ಕಿಡ್ಸ್’ ಎಂಬ ಹೆಸರೇ ಬಿತ್ತು. ಶಿಕಾಗೊದ ಅಂಕಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದೂ ಇದೇ: ನಡುವಿನವರು ಏರಿದ್ದರು, ತೀರ ಕೆಳಗಿದ್ದವರು ಇದ್ದಲ್ಲೇ ಇದ್ದರು. ಗೆರೆ ದಾಟಿದವರನ್ನು ಎಣಿಸುವ ಬದಲು ಪ್ರತಿ ಮಗು ತನ್ನ ಹಿಂದಿನ ಮಟ್ಟದಿಂದ ಎಷ್ಟು ಏರಿತು ಎಂದು ಎಣಿಸಿದ್ದರೆ ಈ ಅನ್ಯಾಯ ಇಷ್ಟು ಆಗುತ್ತಿರಲಿಲ್ಲ.

ಅಂಕ ಉಬ್ಬುವ ರೋಗ ಇನ್ನೂ ಹಳೆಯದು. ಒಂದು ಪರೀಕ್ಷೆ ಅಳೆಯುವುದು ಇಡೀ ವಿಷಯದಿಂದ ಹೆಕ್ಕಿದ ನಲವತ್ತೋ ಐವತ್ತೋ ಪ್ರಶ್ನೆಗಳನ್ನು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು, ಆದರೆ ಆ ಅಗುಳನ್ನು ಮಾತ್ರ ಬೇರೆ ಇಟ್ಟು ಬೇಯಿಸಿದ್ದರೆ ಪಾತ್ರೆಯ ಸುದ್ದಿ ತಿಳಿಯುವುದಿಲ್ಲ. ವಿಸ್ತೀರ್ಣದ ಪ್ರಶ್ನೆ ಪ್ರತಿ ವರ್ಷವೂ ಆಯತದ ಚಿತ್ರ ಕೊಟ್ಟು, ಎರಡು ಬದಿಗೆ ಅಳತೆ ಬರೆದು ಬರುತ್ತಿದ್ದರೆ, ಕಂಡ ಎರಡು ಸಂಖ್ಯೆ ಗುಣಿಸು ಎಂದು ಕಲಿಸಿದರೆ ಮುಗಿಯಿತು. ಅದೇ ಮಗುವಿಗೆ ಚಿತ್ರವಿಲ್ಲದೆ, ಸುತ್ತಳತೆ ಮತ್ತು ಒಂದು ಬದಿ ಕೊಟ್ಟು ವಿಸ್ತೀರ್ಣ ಕೇಳಿ ನೋಡಿ, ಆಗ ಗೊತ್ತಾಗುತ್ತದೆ. 1991ರಲ್ಲಿ ಸಂಶೋಧಕ ಡೇನಿಯಲ್ ಕೊರೆಟ್ಸ್ ಮತ್ತು ಸಂಗಡಿಗರು ಇದನ್ನೇ ತೋರಿಸಿದರು. ಒಂದು ದೊಡ್ಡ ಜಿಲ್ಲೆ ಹಳೆಯ ಪರೀಕ್ಷೆ ಬಿಟ್ಟು ಹೊಸದು ತಂದಾಗ ಮೂರನೇ ತರಗತಿಯ ಗಣಿತದ ಅಂಕ ಸುಮಾರು ಅರ್ಧ ವರ್ಷದ ಕಲಿಕೆಯಷ್ಟು ಬಿತ್ತು. ನಾಲ್ಕು ವರ್ಷದಲ್ಲಿ ಹೊಸ ಪರೀಕ್ಷೆಯ ಅಂಕ ಮತ್ತೆ ಹಳೆಯ ಎತ್ತರಕ್ಕೆ ಏರಿತು. ಆಗ ಅದೇ ಮಕ್ಕಳಿಗೆ ಹಳೆಯ ಪರೀಕ್ಷೆಯನ್ನು ಮತ್ತೆ ಕೊಟ್ಟರೆ, ಅದರಲ್ಲಿ ಅರ್ಧ ವರ್ಷದಷ್ಟು ಹಿಂದೆ ಬಿದ್ದಿದ್ದರು. ಏರಿದ್ದು ಆ ಒಂದು ಪ್ರಶ್ನೆಪತ್ರಿಕೆಯ ಅಭ್ಯಾಸ, ಗಣಿತವಲ್ಲ.

ಇಂಗ್ಲೆಂಡು 1862ರಲ್ಲೇ ಈ ದಾರಿ ತುಳಿದಿತ್ತು. ವರ್ಷಕ್ಕೆ 200 ಹಾಜರಿಗಿಂತ ಹೆಚ್ಚಿರುವ ಮಗುವಿಗೆ ಶಾಲೆಗೆ 8 ಶಿಲಿಂಗ್, ಇನ್‌ಸ್ಪೆಕ್ಟರ್ ಬಂದಾಗ ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದೊಂದು ತಪ್ಪಿದರೂ 2 ಶಿಲಿಂಗ್ 8 ಪೆನ್ಸ್ ಕಡಿತ. ಮಕ್ಕಳು ಓದುವ ಪುಸ್ತಕವನ್ನೇ ಉರು ಹೊಡೆದು ಒಪ್ಪಿಸತೊಡಗಿದರು. ಆ ಪದ್ಧತಿ ತೊಲಗಲು ಮೂರು ದಶಕ ಹಿಡಿಯಿತು.

ಕೊನೆಯ ಮೆಟ್ಟಿಲು ಮೋಸ. ಜಾರ್ಜಿಯಾದ ಅಟ್ಲಾಂಟಾದಲ್ಲಿ ಅದನ್ನು ಹಿಡಿದದ್ದು ಉತ್ತರಪತ್ರಿಕೆಯ ಮೇಲಿನ ರಬ್ಬರ್ ಗುರುತು. ಮಗು ಪೆನ್ಸಿಲಿನಲ್ಲಿ ತುಂಬಿದ ಗುಳ್ಳೆಯನ್ನು ಅಳಿಸಿ ಬೇರೆಯದನ್ನು ತುಂಬಿದರೆ ಸ್ಕ್ಯಾನರ್‌ಗೆ ಆ ಮಾಸಲು ಕಲೆ ಕಾಣುತ್ತದೆ. ಮಕ್ಕಳು ತಾವಾಗಿ ಅಳಿಸುವುದು ಕಡಿಮೆ, ಅಳಿಸಿದರೂ ಒಮ್ಮೊಮ್ಮೆ ಸರಿಯಿದ್ದದ್ದು ತಪ್ಪಾಗುತ್ತದೆ. ಒಂದಿಡೀ ತರಗತಿಯಲ್ಲಿ ಅಳಿಸಿದ್ದೆಲ್ಲ ತಪ್ಪಿನಿಂದ ಸರಿಗೇ ಹೋಗಿದ್ದರೆ, ಆ ಕೈ ಮಕ್ಕಳದ್ದಲ್ಲ. 2011ರ ಜುಲೈನಲ್ಲಿ ಬಂದ ರಾಜ್ಯದ ತನಿಖಾ ವರದಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರ ಕೈವಾಡ ಗುರುತಿಸಿತು. 35 ಮಂದಿಯ ಮೇಲೆ ಆರೋಪಪಟ್ಟಿ ಬಂತು, 2015ರ ಏಪ್ರಿಲ್‌ನಲ್ಲಿ 11 ಮಂದಿ ತಪ್ಪಿತಸ್ಥರೆಂದು ತೀರ್ಪಾಯಿತು. ಅವರು ಮಾಡಿದ್ದು ಮಕ್ಕಳಿಗೆ ಬಗೆದ ದ್ರೋಹವೇ. ಓದಲು ಬಾರದ ಮಗುವಿಗೆ ಬರುತ್ತದೆಂದು ಬರೆದುಕೊಟ್ಟ ಮೇಲೆ ಆ ಮಗುವಿಗೆ ಸಿಗಬೇಕಿದ್ದ ವಿಶೇಷ ಪಾಠ ನಿಂತುಹೋಗುತ್ತದೆ. ಆದರೆ ಕಟಕಟೆಯಲ್ಲಿ ನಿಂತವರೆಲ್ಲ ಶಿಕ್ಷಣ ಇಲಾಖೆಯ ಒಳಗಿನವರು. ತಲುಪಲಾಗದ ಗುರಿ ಬರೆದ ಕೈಗಳಿಗೆ ಯಾರೂ ಏನೂ ಕೇಳಲಿಲ್ಲ.

ತಲುಪಲಾಗದ್ದು ಅನ್ನುವುದು ಉತ್ಪ್ರೇಕ್ಷೆಯಲ್ಲ. 2011ರಲ್ಲಿ ದೇಶದ ಶಾಲೆಗಳಲ್ಲಿ ಅರ್ಧಕ್ಕೆ ಹತ್ತಿರ ಗುರಿ ತಪ್ಪಿದ್ದವು. ಕಾಯ್ದೆ ತಿದ್ದಬೇಕಾದ ಸಂಸತ್ತು ಕೈಕಟ್ಟಿ ಕೂತಿತು. ಒಬಾಮಾ ಸರ್ಕಾರ ರಾಜ್ಯಗಳಿಗೆ ವಿನಾಯಿತಿ ಪತ್ರ ಕೊಡುತ್ತಾ ಹೋಯಿತು, ಅದಕ್ಕೆ ಬದಲಾಗಿ ಶಿಕ್ಷಕರ ಮೌಲ್ಯಮಾಪನದಲ್ಲಿ ಮಕ್ಕಳ ಅಂಕ ಸೇರಿಸಿ ಎಂಬ ಷರತ್ತು. ಹೊಣೆ ಶಾಲೆಯಿಂದಲೂ ಇನ್ನೊಂದು ಮೆಟ್ಟಿಲು ಕೆಳಗಿಳಿಯಿತು. ಮಕ್ಕಳ ಅಂಕಗಳ ನಡುವಿನ ಏರಿಳಿತದಲ್ಲಿ ಶಿಕ್ಷಕರಿಂದ ಬರುವ ಪಾಲು ಶೇ. 1ರಿಂದ 14ರೊಳಗೆ ಎಂಬುದು ಬಹುಪಾಲು ಅಧ್ಯಯನಗಳ ಎಣಿಕೆ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಎಚ್ಚರಿಸಿತು. 2015ರ ವಸಂತದಲ್ಲಿ ನ್ಯೂಯಾರ್ಕ್ ರಾಜ್ಯದ ಐದರಲ್ಲೊಂದು ಭಾಗ ಮಕ್ಕಳನ್ನು ತಂದೆತಾಯಿ ಪರೀಕ್ಷೆಗೇ ಕೂರಿಸಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಬಚ್ಚಿಟ್ಟರೆ ತಪ್ಪಾಗುತ್ತದೆ. ಕಾಯ್ದೆಯಿಂದ ನಾಲ್ಕನೇ ತರಗತಿಯ ಗಣಿತದಲ್ಲಿ ನಿಜವಾದ ಪ್ರಗತಿ ಆಗಿದೆ. ಯಾರೂ ಉರು ಹೊಡೆಯಲಾಗದ ನೇಪ್ ಸಮೀಕ್ಷೆಯ ಅಂಕಗಳೇ ಅದನ್ನು ತೋರಿಸುತ್ತವೆ. ಓದಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಒತ್ತಡ ಹಾಕಿದರೆ ಏನೂ ಆಗುವುದಿಲ್ಲ ಎನ್ನುವವರು ಈ ಗಣಿತದ ಅಂಕಿಗೆ ಉತ್ತರ ಕೊಡಬೇಕು. ಒತ್ತಡವೊಂದೇ ಸಾಕು ಎನ್ನುವವರು ಓದಿನ ಅಂಕಿಗೆ.

ಹೊಣೆ ಮೇಲ್ಮುಖವಾಗಿಯೂ ಹರಿಯಬಹುದು ಎಂಬುದಕ್ಕೆ ಅಮೆರಿಕದಲ್ಲೇ ನಿದರ್ಶನವಿದೆ. ಕೆಂಟಕಿಯ 66 ಬಡ ಶಾಲಾ ಜಿಲ್ಲೆಗಳು ಸೇರಿ ದಾವೆ ಹೂಡಿದ್ದವು. 1989ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇಡೀ ಶಾಲಾ ವ್ಯವಸ್ಥೆಯನ್ನೇ ಸಂವಿಧಾನಬಾಹಿರ ಎಂದಿತು. ಒಂದು ಮಗು ಶಾಲೆಯಿಂದ ಏನೇನು ಪಡೆದು ಹೊರಬರಬೇಕೆಂದು ಏಳು ಸಾಮರ್ಥ್ಯಗಳ ಪಟ್ಟಿ ಕೊಟ್ಟು, ಅದನ್ನು ಒದಗಿಸುವ ಹೊಣೆ ಶಾಸನಸಭೆಯದ್ದು ಎಂದು ತೀರ್ಪು ಬರೆಯಿತು. ಮರುವರ್ಷ ಶಾಸನಸಭೆ ಮಾರಾಟ ತೆರಿಗೆಯನ್ನು ಶೇ. 5ರಿಂದ 6ಕ್ಕೆ ಏರಿಸಿ, ಹಣ ಹಂಚುವ ಹೊಸ ಸೂತ್ರ ತಂದು, ಹೊಸ ಪರೀಕ್ಷೆಯನ್ನೂ ಜೊತೆಗೇ ತಂದಿತು. ಆ ಪರೀಕ್ಷೆಯಲ್ಲೂ ಅಂಕ ಉಬ್ಬಿತು, ಅದು ಬೇರೆ ಮಾತು. ಆದರೆ ಶಾಲೆಯಿಂದ ಫಲ ಕೇಳುವ ಮುನ್ನ ಶಾಸಕರು ತಮ್ಮ ಪಾಲು ಮೇಜಿನ ಮೇಲಿಟ್ಟಿದ್ದರು.

ಕೇಂದ್ರದಲ್ಲಿಯೂ ಒಂದು ಪ್ರಯತ್ನ ನಡೆದಿತ್ತು. ಮಕ್ಕಳು ಏನು ಕಲಿಯಬೇಕು ಎಂಬ ಮಾನದಂಡದ ಜೊತೆಗೆ, ಕಲಿಯಲು ಅವರಿಗೆ ಏನೇನು ಸಿಗಬೇಕು ಎಂಬ ಮಾನದಂಡವೂ ಇರಲಿ ಎಂದು 1994ರ ‘ಗೋಲ್ಸ್ 2000’ ಕಾಯ್ದೆ ಒಂದು ರಾಷ್ಟ್ರೀಯ ಮಂಡಳಿ ರಚಿಸಿತು. ಅದಕ್ಕೆ ಸದಸ್ಯರ ನೇಮಕವೇ ಆಗಲಿಲ್ಲ. 1996ರಲ್ಲಿ ಮಂಡಳಿಯನ್ನೇ ರದ್ದುಮಾಡಿದರು. ಕಲಿಕೆಯ ಮಾನದಂಡ ಉಳಿಯಿತು, ಸೌಲಭ್ಯದ ಮಾನದಂಡ ಹೋಯಿತು. ಎರಡು ಏಣಿಗಳ ಕಥೆ ಆಗಲೇ ಬರೆದಾಗಿತ್ತು.

2005ರಲ್ಲಿ ಮಿಶಿಗನ್, ಟೆಕ್ಸಸ್, ವರ್ಮಾಂಟ್‌ನ ಕೆಲವು ಶಾಲಾ ಜಿಲ್ಲೆಗಳು ಶಿಕ್ಷಕರ ಸಂಘದ ಜೊತೆ ಸೇರಿ ಕೋರ್ಟಿಗೆ ಹೋದವು. ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯಡಿ ಹಣ ಕೊಡದ ಯಾವ ಖರ್ಚನ್ನೂ ರಾಜ್ಯಗಳ ಮೇಲೆ ಹೇರುವಂತಿಲ್ಲ ಎಂದು ಕಾಯ್ದೆಯಲ್ಲೇ ಒಂದು ಸಾಲಿದೆ, ಹಾಗಿದ್ದಮೇಲೆ ನಾವು ನಮ್ಮ ಕೈಯಿಂದ ಹಾಕಬೇಕೇ ಎಂಬುದು ಅವರ ಪ್ರಶ್ನೆ. ಕಾಯ್ದೆಯಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯೇ ಹೊರತು ಮಾತು ಕೊಟ್ಟದ್ದಲ್ಲ ಎಂಬ ವಾದವನ್ನು ಸರ್ಕಾರದ ಪರ ಇರುವವರು ಮುಂಚಿನಿಂದಲೂ ಹೇಳುತ್ತಿದ್ದರು. ಕಾನೂನಿನ ಭಾಷೆಯಲ್ಲಿ ಅದು ಸರಿಯೇ. ಆದರೆ ಮಕ್ಕಳ ಗುರಿಯನ್ನು ಮಾತ್ರ ಯಾರೂ ‘ಗರಿಷ್ಠ ಮಿತಿ’ ಎಂದು ಓದಲಿಲ್ಲ. 2008ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠ ಶಾಲೆಗಳ ಪರ ನಿಂತಿತು. 2009ರಲ್ಲಿ ಪೂರ್ಣಪೀಠ 8–8 ಎಂದು ಸಮಸಮ ಒಡೆದು, ದಾವೆ ವಜಾ ಮಾಡಿದ ಕೆಳ ನ್ಯಾಯಾಲಯದ ಆದೇಶವೇ ಉಳಿಯಿತು.

ಹಾಗಾದರೆ ಪರೀಕ್ಷೆಯನ್ನು ಹೇಗೆ ಇಟ್ಟುಕೊಳ್ಳಬೇಕು? ನನಗೆ ಸರಿ ಕಾಣುವುದು ನೇಪ್‌ನ ದಾರಿ. ಅದರಲ್ಲಿ ಎಲ್ಲ ಮಕ್ಕಳೂ ಪರೀಕ್ಷೆ ಬರೆಯುವುದಿಲ್ಲ, ಆಯ್ದ ಶಾಲೆಗಳ ಆಯ್ದ ಮಕ್ಕಳು ಮಾತ್ರ. ಒಬ್ಬ ಮಗುವಿಗೆ ಸಿಗುವುದು ಇಡೀ ಪ್ರಶ್ನೆರಾಶಿಯ ಒಂದು ತುಣುಕು. ಮಗುವಿಗಾಗಲಿ ಶಾಲೆಗಾಗಲಿ ಅಂಕ ಬರುವುದಿಲ್ಲ, ಹಾಗಾಗಿ ಅಳಿಸಿ ತಿದ್ದಿ ಯಾರಿಗೂ ಲಾಭವಿಲ್ಲ. ಬರುವ ಅಂಕ ರಾಜ್ಯಕ್ಕೆ, ಕೆಲವು ದೊಡ್ಡ ನಗರಗಳಿಗೆ. ಅಂದರೆ ಬಜೆಟ್ ಬರೆಯುವವರು ಕೂತಿರುವ ಮಟ್ಟಕ್ಕೆ. ಶಾಲೆಯ ಮಟ್ಟದಲ್ಲಿ ಪರೀಕ್ಷೆ ಬೇಕೆಂದರೆ ಇರಲಿ. ಎಲ್ಲಿ ಸಹಾಯ ಕಳಿಸಬೇಕೆಂದು ತಿಳಿಯಲು ಅದನ್ನು ಬಳಸಿ, ಶಿಕ್ಷೆಗೆ ಬೇಡ. ಕಡಿಮೆ ಅಂಕ ಬಂದ ಶಾಲೆಗೆ ಮೊದಲು ಹೋಗಬೇಕಾದವರು ಅನುಭವಿ ಪರಿವೀಕ್ಷಕರು. ಎಷ್ಟು ದಿನ ತರಗತಿಗೆ ಶಿಕ್ಷಕರೇ ಇರಲಿಲ್ಲ, ಎಷ್ಟು ಹುದ್ದೆ ಖಾಲಿ, ಎಷ್ಟು ಮಕ್ಕಳು ವರ್ಷದ ನಡುವೆ ಬಂದು ಸೇರಿದರು ಎಂದು ಅವರು ಕಣ್ಣಾರೆ ನೋಡಿ ಬರೆಯಲಿ.

2015ರ ಡಿಸೆಂಬರ್ 10ರಂದು ಹಳೆಯ ಕಾಯ್ದೆಯ ಜಾಗಕ್ಕೆ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ಬಂತು. 17 ಪರೀಕ್ಷೆ ಹಾಗೇ ಉಳಿದವು, ನೂರಕ್ಕೆ ನೂರರ ಗುರಿ ಹೋಯಿತು. ಹೆಚ್ಚು ಜನ ಗಮನಿಸದ ಒಂದು ಸಾಲು ಹೊಸದಾಗಿ ಸೇರಿತು: ಪ್ರತಿ ಶಾಲೆಯ ವರದಿಪಟ್ಟಿಯಲ್ಲಿ ಅಂಕದ ಜೊತೆಗೆ ಆ ಶಾಲೆಯ ಒಬ್ಬ ಮಗುವಿಗೆ ನಿಜವಾಗಿ ಆದ ಖರ್ಚನ್ನೂ, ಕೇಂದ್ರದ್ದೆಷ್ಟು, ರಾಜ್ಯ ಮತ್ತು ಸ್ಥಳೀಯರದ್ದೆಷ್ಟು ಎಂದು ಬಿಡಿಸಿ ಛಾಪಿಸಬೇಕು.

ಇದರಲ್ಲಿ ‘ನಿಜವಾಗಿ’ ಎಂಬ ಪದಕ್ಕೆ ತೂಕವಿದೆ. ಶಾಲಾ ಜಿಲ್ಲೆಗಳು ಬಜೆಟ್ ಬರೆಯುವಾಗ ಪ್ರತಿ ಶಿಕ್ಷಕರಿಗೂ ಜಿಲ್ಲೆಯ ಸರಾಸರಿ ಸಂಬಳವನ್ನೇ ಬರೆಯುವ ರೂಢಿಯಿದೆ. ಎರಡು ಶಾಲೆ, ತಲಾ 30 ಶಿಕ್ಷಕರು ಅಂತಿಟ್ಟುಕೊಳ್ಳಿ. ಅನುಕೂಲಸ್ಥರ ಬಡಾವಣೆಯಲ್ಲಿ ಎಲ್ಲರೂ ಹಳಬರು, ಸಂಬಳ ತಲಾ 80,000 ಡಾಲರ್. ಬಡವರ ಬಡಾವಣೆಯಲ್ಲಿ ಎಲ್ಲರೂ ಹೊಸಬರು, ತಲಾ 50,000. ಪುಸ್ತಕದಲ್ಲಿ ಎರಡಕ್ಕೂ 65,000ದ ಲೆಕ್ಕ, ಹಾಗಾಗಿ ಎರಡೂ ಶಾಲೆಗೆ ಸಮಾನ ಹಣ ಹೋದಂತೆ ಕಾಣುತ್ತದೆ. ನಿಜದಲ್ಲಿ ವರ್ಷಕ್ಕೆ 9 ಲಕ್ಷ ಡಾಲರ್ ಹೆಚ್ಚು ಹೋಗುತ್ತಿರುವುದು ಅನುಕೂಲಸ್ಥರ ಶಾಲೆಗೆ. ಹೊಸ ಸಾಲಿನಲ್ಲಿ ಈ ಅಂತರ ಮುಚ್ಚಿಡಲು ಬರುವುದಿಲ್ಲ. ಆದರೆ ಅದಕ್ಕೆ ಗುರಿಯಿಲ್ಲ, ಗಡುವಿಲ್ಲ, ತಪ್ಪಿದರೆ ಯಾರೂ ಮರುರಚನೆಯಾಗುವುದಿಲ್ಲ. ವರದಿಪಟ್ಟಿ ಕೈಗೆ ಬಂದಾಗ ಅಂಕದ ಪುಟದಲ್ಲೇ ನಿಲ್ಲದೆ ಖರ್ಚಿನ ಪುಟ ತಿರುವಬೇಕು. ಪಕ್ಕದ ಬಡಾವಣೆಯ ಶಾಲೆಯ ಅದೇ ಪುಟವನ್ನು ಜೊತೆಗಿಟ್ಟುಕೊಂಡು ಶಾಲಾ ಮಂಡಳಿಯ ಬಜೆಟ್ ಸಭೆಗೆ ಹೋಗಬೇಕು, ಪರೀಕ್ಷೆಯ ಫಲಿತಾಂಶ ಬಂದ ಮೇಲಲ್ಲ, ಬಜೆಟ್‌ಗೆ ಮತ ಬೀಳುವ ಮೊದಲು.